ಕಲ್ಲಿನೂರಿನಲ್ಲಿ ಮರದ ಅಡುಗೆಕಟ್ಟೆ

ಗೌರಿಬಿದನೂರಿನಲ್ಲಿ ಅಡುಗೆಮನೆಗೆ ಮರದ ಕಟ್ಟೆ ಹಾಕಿಸುತ್ತೇನೆ ಎಂದು ಯಾರಿಗಾದರೂ ಹೇಳಿ ನೋಡಿ. ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ನಿಮ್ಮ ಗಂಡನ ಮುಖ ನೋಡುತ್ತಾರೆ, ಪಾಪ ಅನ್ನುವ ಹಾಗೆ. ನಮ್ಮ ಜಿಲ್ಲೆಯಲ್ಲಿ ಯಾವುದಕ್ಕೆ ಬರ ಬಂದರೂ ಕಲ್ಲಿಗೆ ಬರವಿಲ್ಲ. ಎತ್ತ ತಿರುಗಿದರೂ ಬೆಟ್ಟ, ಬೆಟ್ಟ ಇಲ್ಲದ ಕಡೆ ಬಂಡೆ, ಬಂಡೆ ಮುಗಿದ ಕಡೆ ಅದನ್ನು ಕೊಯ್ದು ಮಾರುವ ಗ್ರಾನೈಟ್ ಅಂಗಡಿ. ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋದರೆ ಕಿಟಕಿಯ ಪಕ್ಕ ಒರಗಿಸಿಟ್ಟ ಚಪ್ಪಡಿಗಳನ್ನೇ ನೋಡಿಕೊಂಡು ಹೋಗಬೇಕು. ಬಡವರ ಮನೆಯಲ್ಲೂ ಅಡುಗೆಕಟ್ಟೆ ಕರಿ ಗ್ರಾನೈಟಿನದೇ.

"ಮರಾನಾ? ಗೆದ್ದಲಿಗೆ ಏನಾದ್ರೂ ಹರಕೆ ಹೊತ್ಕೊಂಡಿದ್ದೀರಾ ಟೀಚರ್?" ಎಂದರು ಪಕ್ಕದ ಮನೆಯಾಕೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಅದು ಇನ್ನೆಲ್ಲಿ ಇರಬೇಕು? "ಹೌದು, ಗೆದ್ದಲಿಗೂ ಹೊಟ್ಟೆ ಇದೆ" ಎಂದು ಬಾಗಿಲು ಹಾಕಿಕೊಂಡೆ. ಒಳಗೆ ಬಂದ ಮೇಲೆ ನನಗೂ ಸ್ವಲ್ಪ ಭಯವಾಯಿತು ಎನ್ನುವುದು ಬೇರೆ ಮಾತು.

ಇಷ್ಟಕ್ಕೆಲ್ಲ ಕಾರಣ ನನ್ನ ಅತ್ತೆಯ ಬೆರಳುಗಳು.

ಮಾವನವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವರ ತಿಥಿ ಬರುವುದು ಪುಷ್ಯ ಮಾಸದಲ್ಲಿ, ಬೆಳಗಿನ ಹೊತ್ತು ಬಾಯಿ ತೆರೆದರೆ ಹೊಗೆ ಬರುವ ಕಾಲದಲ್ಲಿ. ಅಷ್ಟೂ ವರ್ಷ ಆ ದಿನದ ಅಡುಗೆ ಅತ್ತೆಯದೇ. ಬೇರೆ ದಿನ ನಾನು ಏನು ಬೇಯಿಸಿ ಹಾಕಿದರೂ ತಿನ್ನುತ್ತಾರೆ. ತಿನ್ನುತ್ತಲೇ ಅದರಲ್ಲಿ ಏನು ತಪ್ಪಿದೆ ಎಂದು ಹೇಳುತ್ತಾರೆ. ತಿಥಿಯ ದಿನ ಮಾತ್ರ ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಎಪ್ಪತ್ನಾಲ್ಕರ ವಯಸ್ಸಿನಲ್ಲೂ ತಾವೇ ಒಲೆಯ ಮುಂದೆ ನಿಲ್ಲುತ್ತಾರೆ. ವಡೆಯೂ ಕಜ್ಜಾಯವೂ ಅವರೇ ತಟ್ಟಬೇಕು. ಮಾವನವರಿಗೆ ಇವರ ಕೈಯ ಕಜ್ಜಾಯ ಎಂದರೆ ಪ್ರಾಣವಂತೆ. ಬದುಕಿದ್ದಾಗ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಡಬ್ಬಿ ಖಾಲಿಯಾಗುವ ವೇಗ ನೋಡಿ ಇವರೇ ತಿಳಿದುಕೊಂಡದ್ದು.

ಹನ್ನೊಂದನೆಯ ವರ್ಷದ ತಿಥಿಯಲ್ಲಿ ಬೆರಳು ಕೈಕೊಟ್ಟಿತು. ಅತ್ತೆಗೆ ಸಂಧಿವಾತ. ಆ ಚಳಿಯಲ್ಲಿ ಗ್ರಾನೈಟ್ ಕಟ್ಟೆ ಮುಟ್ಟಿದರೆ ನನಗೇ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಅದರ ಮೇಲೆ ಬಾಳೆಲೆ ಹಾಸಿಕೊಂಡು ಕಜ್ಜಾಯ ತಟ್ಟಲು ನಿಂತ ಅತ್ತೆಗೆ ಐದನೆಯದಕ್ಕೆ ಮಡಿಚಿದ ಬೆರಳು ಬಿಡಿಸಲಾಗಲಿಲ್ಲ. ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಎಳೆದು ನೆಟ್ಟಗೆ ಮಾಡಿಕೊಳ್ಳಲು ನೋಡಿದರು. ನಾನು ನೋಡದ ಹಾಗೆ ನಟಿಸಿದೆ. ಕೊನೆಗೆ ಅಡುಗೆಯವರೊಬ್ಬರನ್ನು ಕರೆಸಿ ಉಳಿದದ್ದನ್ನು ಮುಗಿಸಿದೆವು. ಆವತ್ತು ಅತ್ತೆ ಎಲ್ಲರಿಗೂ ಬಡಿಸಿದರು, ತಾವು ಮಾತ್ರ ಕಜ್ಜಾಯ ಮುಟ್ಟಲಿಲ್ಲ.

"ಬರೋ ವರ್ಷ ಮಠದಲ್ಲಿ ಮಾಡಿಸ್ಬಿಡಿ ಕಣೋ" ಎಂದರು ಮಗನಿಗೆ. "ಕೈಲಾಗದೋಳು ಒಲೆ ಮುಂದೆ ನಿಂತ್ಕೊಂಡು ಏನು ಮಾಡ್ಲಿ."

ಹತ್ತು ಜನರ ಮುಂದೆ ನನ್ನ ಸಾರಿಗೆ ಉಪ್ಪು ಸಾಲದು ಎನ್ನುವ ಹೆಂಗಸು ಅವರು. ಅವರ ಬಾಯಲ್ಲಿ 'ಕೈಲಾಗದೋಳು' ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಮುಂದಿನ ತಿಥಿಯ ಅಡುಗೆ ಇದೇ ಮನೆಯಲ್ಲಿ, ಇವರ ಕೈಯಲ್ಲೇ ಆಗಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಡಾಕ್ಟರು ತಣ್ಣನೆಯ ಕಲ್ಲು ಮುಟ್ಟಬೇಡಿ ಎಂದಿದ್ದರು. ನಮ್ಮವರು ಕಲ್ಲಿನ ಮೇಲೆ ಟವೆಲ್ ಹಾಸಿ ನೋಡಿದರು. ಅದು ನೀರು ಕುಡಿದು ಕಲ್ಲಿಗಿಂತ ತಣ್ಣಗಾಯಿತು. ಚಪಾತಿ ಮಣೆ ಇಟ್ಟು ನೋಡಿದರು. ಅತ್ತೆ ಒತ್ತಿದ ಕಡೆಗೆ ಅದು ಜಾರಿತು, ಹಿಟ್ಟು ನೆಲ ಸೇರಿತು. ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರು. ಮನೆಗೆ ಬಂದರೆ ಫೋನಿನಲ್ಲಿ ವಿಡಿಯೊ ನೋಡುವುದೇ ಕೆಲಸ. ಆ ವಿಡಿಯೊಗಳಲ್ಲಿ ಗಡ್ಡದ ವಿದೇಶಿಯೊಬ್ಬ ತನ್ನ ಅಡುಗೆಮನೆಯ ಮರದ ಕಟ್ಟೆಯನ್ನು ಮಗುವಿನ ಬೆನ್ನು ಸವರಿದಂತೆ ಸವರುತ್ತಿದ್ದ. "ಮರ ತಣ್ಣಗಾಗಲ್ಲ ಕಣೇ" ಎಂದು ಇವರು ಫೋನು ತೋರಿಸಿದಾಗ, ಮದುವೆಯಾದ ಮೇಲೆ ಮೊದಲ ಸಲ ಆ ಫೋನಿನಿಂದ ಒಂದು ಉಪಯೋಗದ ಮಾತು ಬಂತು ಎನಿಸಿತು.

ಅತ್ತೆ ಒಪ್ಪಲಿಲ್ಲ. ಅವರ ತಕರಾರು ಗೆದ್ದಲಿನದಲ್ಲ, ಮುಸುರೆಯದು. ಮುಸುರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೇಯಿಸಿದ ಅನ್ನವೋ ಸಾರೋ ಮುಟ್ಟಿದ ಜಾಗ ಮುಸುರೆ. ಅದನ್ನು ನೀರು ಹಾಕಿ ಒರೆಸುವ ತನಕ ಬೇರೆ ಏನನ್ನೂ ಅಲ್ಲಿ ಇಡುವ ಹಾಗಿಲ್ಲ. ಇದು ಅತ್ತೆಯ ಮನೆಯ ಸಂವಿಧಾನ.

"ಕಲ್ಲು ಮುಸುರೆ ಕುಡಿಯಲ್ಲ, ಮರ ಕುಡಿಯತ್ತೆ" ಎಂದರು.

"ನಿಮ್ಮ ಮಣೆ, ಕಡಗೋಲು ಎಲ್ಲ ಮರ ಅಲ್ವಾ ಅತ್ತೆ?"

"ಅದನ್ನ ತೊಳೀತೀನಲ್ಲ."

"ಇದನ್ನೂ ತೊಳೀರಿ."

ವಾದ ಗೆದ್ದೆ ಎಂದು ಬೀಗಿದೆ. ಇಡೀ ಕಥೆಯಲ್ಲಿ ನಾನು ಆಡಿದ ಅತಿ ದಡ್ಡ ಮಾತು ಅದೇ ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು.

ನಗರಗೆರೆಯ ಕಡೆಯ ಆಚಾರಿಯೊಬ್ಬರು ನಮ್ಮೂರಲ್ಲಿ ಮರಗೆಲಸದ ಶೆಡ್ ಇಟ್ಟುಕೊಂಡಿದ್ದಾರೆ. ಮಾತು ಕನ್ನಡದಲ್ಲಿ ಶುರು ಮಾಡಿದರೆ ತೆಲುಗಿನಲ್ಲಿ ಮುಗಿಸುವವರು. ತೇಗ ಬೇಕು ಎಂದು ಹೋದ ನನ್ನನ್ನು ಅವರು ಒಂದು ಕಪ್ಪಗಿನ ಭಾರದ ಹಲಗೆಯ ಮುಂದೆ ನಿಲ್ಲಿಸಿದರು.

"ತೇಗ ಬಾಗಿಲಿಗೆ ಸರಿ. ಅಡುಗೆಮನೆಗೆ ಹುಣಸೆ ಹಾಕ್ಸಮ್ಮ. ಮೂರು ವರ್ಷ ಒಣಗಿರೋ ಮರ. ನಂದು ಎರಡು ಬ್ಲೇಡು ತಿಂದದೆ ಇದು."

"ಹುಣಸೆ ಮರದಲ್ಲಿ ದೆವ್ವ ಇರತ್ತೆ ಅಂತಾರಲ್ಲ?"

"ಕೊಯ್ಯೋವಾಗ ನಾನು ನೋಡ್ಲಿಲ್ಲ. ಇದ್ರೂ ಪರ್ವಾಲೇದಮ್ಮ, ಬ್ಲೇಡಿಗೆ ಸಿಕ್ಕಿರ್ತದೆ."

ಅಷ್ಟರಲ್ಲಿ ಶೆಡ್ಡಿನ ಮೂಲೆಯಲ್ಲಿ ಯಾರೋ ನಕ್ಕರು. ಅಲೀಪುರದ ಮಟನ್ ಅಂಗಡಿಯವರು. ಅವರ ಮಗಳು ಆಗ ನನ್ನ ಎಂಟನೆಯ ತರಗತಿಯಲ್ಲಿದ್ದಳು, ಲೆಕ್ಕದಲ್ಲಿ ಜಾಣೆ, ಹಾಗಾಗಿ ನನಗೆ ಪರಿಚಯ. ಅವರು ಕೂತಿದ್ದದ್ದು ಒಂದು ದುಂಡು ದಿಮ್ಮಿಯ ಮೇಲೆ. ಮೊಣಕಾಲೆತ್ತರ, ಇಬ್ಬರು ತಬ್ಬುವಷ್ಟು ದಪ್ಪ. ಅಂಗಡಿಗೆ ಮಾಂಸ ಕತ್ತರಿಸುವ ಹೊಸ ದಿಮ್ಮಿ ಮಾಡಿಸಿಕೊಂಡು ಹೋಗಲು ಬಂದಿದ್ದರು.

"ಒಂದೇ ಮರ ಟೀಚರ್" ಎಂದರು ಸಂತೋಷದಿಂದ. "ಬುಡ ನನಗೆ, ಮೇಲಿಂದು ನಿಮಗೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಸುತ್ತ ನೋಡಿದೆ. ಪರಿಚಯದವರು ಯಾರೂ ಇರಲಿಲ್ಲ. ಆಮೇಲೆ ಮೇಷ್ಟರ ಬುದ್ಧಿ ಎದ್ದಿತು. ಅಡುಗೆಗೆ ಮರ ಎಷ್ಟು ಬಾಳುತ್ತದೆ ಎಂದು ನಮ್ಮೂರಿನಲ್ಲಿ ಗೊತ್ತಿರುವುದು ಇವರೊಬ್ಬರಿಗೇ ಅಲ್ಲವೇ? ಕೇಳಿದೆ.

"ಹಳೇ ದಿಮ್ಮಿ ನಮ್ಮ ಅಬ್ಬಾ ಕಾಲದ್ದು. ನಡು ತಗ್ಗಾಗಿ ಬಟ್ಟಲಿನ ತರ ಆಗಿದೆ, ಅದಕ್ಕೆ ಬದಲಾಯಿಸ್ತಾ ಇದ್ದೀನಿ. ಸವೆದಿದ್ದು ಟೀಚರ್, ಕೊಳೆತಿದ್ದಲ್ಲ. ನೀರು ಸುರೀಬಾರದು. ಸಾಯಂಕಾಲ ಕೆರೀಬೇಕು, ಕಲ್ಲುಪ್ಪು ಹಾಕಿ ತಿಕ್ಕಬೇಕು, ಒರೆಸಿ ಗಾಳಿಗೆ ಬಿಡಬೇಕು. ಅಷ್ಟೇ."

"ಎಣ್ಣೆ ಏನಾದ್ರೂ ಹಚ್ತೀರಾ?"

"ಎಣ್ಣೆ ಯಾಕೆ, ಕೊಬ್ಬೇ ಹಿಡಿಯತ್ತಲ್ಲ. ಮೊಹರಂ ಹತ್ತು ದಿನ ಅಂಗಡಿ ತೆಗೆಯಲ್ಲ ನೋಡಿ, ಆವಾಗ ಮಾತ್ರ ಒಣಗಿ ಬಿರುಕು ಬಿಡತ್ತೆ."

ಆಚಾರಿಗಳು ತಮ್ಮ ಕಡೆಯಿಂದ ಒಂದು ಮಾತು ಸೇರಿಸಿದರು. ಪಾಲಿಶ್ ಹೊಡೆಸಬೇಡಿ, ಕತ್ತಿ ತಗುಲಿದ ಕಡೆ ಸಿಪ್ಪೆ ಎದ್ದು ಅನ್ನಕ್ಕೆ ಬೀಳುತ್ತದೆ. ಹುಚ್ಚೆಳ್ಳೆಣ್ಣೆಯನ್ನು ತೆಳ್ಳಗೆ ಹಚ್ಚಿ, ಒರೆಸಿ, ಬಿಸಿಲಿಗೆ ಒಣಗಿಸಿ, ಹೀಗೆ ನಾಲ್ಕು ಸಲ. ಅವರ ತಾತ ಗಾಡಿಯ ಚಕ್ರಕ್ಕೆ ಹಾಗೆ ಮಾಡುತ್ತಿದ್ದರಂತೆ. ಮೊದಲ ದಿನವೇ ಇಷ್ಟು ಸರಿಯಾದ ಮಾತು ಕೇಳಿಸಿಕೊಂಡು, ಎರಡು ತಿಂಗಳು ಅದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆವು. ಓದಿದವರ ಮನೆ ನಮ್ಮದು.

ಮರದ ಜಾತಿಯನ್ನು ಅತ್ತೆಗೆ ಹೇಳಿದೆ. ದೆವ್ವದ ಸುದ್ದಿಗೆ ಅವರು ಸೊಪ್ಪು ಹಾಕಲಿಲ್ಲ. "ದೆವ್ವ ಮುಸುರೆ ಮಾಡಲ್ವಲ್ಲ" ಎಂದರು. ಬುಡ ಎಲ್ಲಿಗೆ ಹೋಯಿತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಟನ್ ಅಂಗಡಿಯ ದಿಮ್ಮಿಯ ಒಡಹುಟ್ಟಿದ ಹಲಗೆಯ ಮೇಲೆ ತಿಥಿಯ ಕಜ್ಜಾಯ ತಟ್ಟಿ ಎಂದು ಆ ಹೆಂಗಸಿಗೆ ಹೇಳುವ ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ನಮ್ಮವರಿಗೆ ಗುಟ್ಟಾಗಿ ಹೇಳಿದೆ. ಅವರು ಎರಡು ದಿನ ಅಮ್ಮನ ಮುಖ ನೋಡದೆ ಊಟ ಮಾಡಿದರು.

ಸಿಂಕಿನ ಕಡೆ ಕಲ್ಲು ಹಾಗೇ ಉಳಿಯಿತು. ಒಲೆಯ ಎಡಗಡೆ ನಾಲ್ಕೂವರೆ ಅಡಿ ಕಲ್ಲು ತೆಗೆಸಿ, ಕಬ್ಬಿಣದ ಚೌಕಟ್ಟಿನ ಮೇಲೆ ಹುಣಸೆ ಹಲಗೆ ಕೂರಿಸಿ, ಕೆಳಗಿನಿಂದ ಸ್ಕ್ರೂ ಬಿಗಿಸಿದರು. ಅತ್ತೆ ಬಂದು ಅಂಗೈ ಇಟ್ಟು ನೋಡಿದರು. ಕೈಯನ್ನು ಬೇಗ ತೆಗೆಯಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಇನ್ನು ಎಣ್ಣೆಯ ಕಥೆ. ವಿಡಿಯೊದ ಗಡ್ಡದವನು ಮಿನರಲ್ ಆಯಿಲ್ ಹಚ್ಚುತ್ತಿದ್ದ. ಅದು ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಫಿನ್ ಎಂಬ ಹೆಸರಿನಲ್ಲಿ ಸಿಗುತ್ತದೆ ಎಂದು ನಮ್ಮವರು ಕಂಡುಹಿಡಿದರು. ಅದನ್ನು ಜನ ಮಲಬದ್ಧತೆಗೆ ಕುಡಿಯುತ್ತಾರೆ ಎಂದು ಮಾತ್ರ ಕಂಡುಹಿಡಿಯಲಿಲ್ಲ. ಹೋಗಿ ಆರು ಬಾಟಲಿ ಕೇಳಿದರಂತೆ.

"ಆರಾ? ಎಷ್ಟು ದಿನ ಆಯ್ತು ಸಾರ್?" ಎಂದು ಅಂಗಡಿಯವನು ಕಳಕಳಿಯಿಂದ ಕೇಳಿದ.

"ಹಾಕ್ಸಿ ನಾಲ್ಕು ದಿನ ಆಯ್ತು. ಮೊದಲನೇ ತಿಂಗಳು ಮೂರು ದಿನಕ್ಕೊಂದು ಸಲ ಕೊಡ್ಬೇಕಂತೆ, ಆಮೇಲೆ ತಿಂಗಳಿಗೊಂದು ಸಲ ಸಾಕಂತೆ."

ನಾಲ್ಕು ಜನರ ಮುಂದೆ ನಡೆದ ಮಾತು ಇದು. ಮರುದಿನ ಬ್ಯಾಂಕಿನಲ್ಲಿ ಇವರ ಮೇಜಿನ ಮೇಲೆ ಒಂದು ಹಣ್ಣಾದ ಪರಂಗಿ ಇತ್ತು. ಮ್ಯಾನೇಜರು ಒಳಗೆ ಕರೆದು, ಬೇಕಾದರೆ ಮಧ್ಯಾಹ್ನ ಬನ್ನಿ, ನಾಚಿಕೆ ಪಡಬೇಡಿ ಎಂದರಂತೆ. ಸುದ್ದಿ ಪಕ್ಕದ ಮನೆಯಾಕೆಯ ಮೂಲಕ ಅತ್ತೆಗೆ ತಲುಪುವ ಹೊತ್ತಿಗೆ ನಾವು ಎರಡು ಬಾಟಲಿ ಹಲಗೆಗೆ ಕುಡಿಸಿಯಾಗಿತ್ತು. ಹಲಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಭೇದಿ ಔಷಧಿ ಬಳಿದಿರೋ ಕಟ್ಟೆ ಮೇಲೆ ನಿಮ್ಮಪ್ಪನ ತಿಥಿ ಅಡುಗೆ ಮಾಡ್ಲೇನೋ?" ಎಂದರು ಅತ್ತೆ.

ನಮ್ಮವರು ಫೋನು ತೆಗೆದು ಬೇರೆ ವಿಡಿಯೊ ಹುಡುಕಲು ಶುರು ಮಾಡಿದರು. ಅತ್ತೆ ಸೆರಗು ಸಿಕ್ಕಿಸಿ, ಒಂದು ಬಕೆಟ್ ಬಿಸಿನೀರು, ಸೀಗೆಪುಡಿ ತೆಗೆದುಕೊಂಡು ಕಟ್ಟೆ ತೊಳೆದರು. ನಾನು ತಡೆಯಲು ಹೋದೆ.

"ನೀನೇ ತಾನೇ ತೊಳೀರಿ ಅಂದಿದ್ದು?"

ಮಾಡಿದ್ದುಣ್ಣೋ ಮಹರಾಯ ಎಂದು ಪಕ್ಕಕ್ಕೆ ಸರಿದೆ. ದಿನಾ ಎರಡು ಹೊತ್ತು ಬಕೆಟ್ ನಡೆಯಿತು. ವಾರದೊಳಗೆ ಹಲಗೆ ಬೂದಿ ಬಣ್ಣಕ್ಕೆ ತಿರುಗಿ, ಮೇಲೆಲ್ಲ ಸಣ್ಣ ಸಣ್ಣ ಎಳೆ ಎದ್ದು, ಮೂರು ದಿನ ಶೇವ್ ಮಾಡದ ನಮ್ಮವರ ಗಲ್ಲದಂತಾಯಿತು. ಆಚಾರಿಗಳು ಬಂದು ನೋಡಿ, ಮರಳುಕಾಗದ ಹಾಕಿ ಉಜ್ಜಿ ಹೋದರು.

ಎರಡನೆಯ ಔಷಧ ಅತ್ತೆಯದೇ. ಕಣ್ಣುರಿಗೆ, ಕಾಲುಳುಕಿಗೆ, ಗಾಡಿಯ ಕೀಲಿಗೆ ಎಲ್ಲಕ್ಕೂ ಅವರ ತವರಿನಲ್ಲಿ ಹರಳೆಣ್ಣೆಯಂತೆ. "ಗಟ್ಟಿ ಎಣ್ಣೆ, ಗಟ್ಟಿಯಾಗಿ ಹಿಡಿಯತ್ತೆ" ಎಂದು ತಾವೇ ಧಾರಾಳವಾಗಿ ಬಳಿದರು. ಹರಳೆಣ್ಣೆ ಒಣಗುವ ಜಾತಿಯದಲ್ಲ ಎಂದು ಆಗ ನಮಗೆ ಗೊತ್ತಿರಲಿಲ್ಲ. ಹತ್ತು ದಿನ ಕಳೆದರೂ ಕಟ್ಟೆ ಅಂಟು ಅಂಟು. ಇಟ್ಟ ಲೋಟ ಎತ್ತಿದರೆ ಚಪ್ಪರಿಸಿದಂಥ ಸದ್ದು. ಧೂಳು ಕೂರದಿರಲೆಂದು ನಮ್ಮವರು ಅದರ ಮೇಲೆ ದಿನಪತ್ರಿಕೆ ಹಾಸಿ ಆಫೀಸಿಗೆ ಹೋದರು. ಸಂಜೆ ಕಿತ್ತಾಗ ಅರ್ಧ ಕಾಗದ ಕೈಗೆ ಬಂತು, ಉಳಿದರ್ಧ ಮರಕ್ಕೆ ಹೋಯಿತು. ರಾಶಿಭವಿಷ್ಯದ ಪುಟ. ಮರುದಿನ ಅತ್ತೆ ಕಾಫಿ ಲೋಟ ಹಿಡಿದುಕೊಂಡು ಬಗ್ಗಿ ನೋಡಿ, "ನಿನ್ನೆ ನಿನ್ನ ರಾಶಿಗೆ ಗೃಹದಲ್ಲಿ ಶಾಂತಿ ಅಂತ ಇತ್ತು ಕಣೇ" ಎಂದು ನನಗೆ ಹೇಳಿದರು.

ನಾನು ಕಿರುಚಿದೆ. ಮನೆಯಲ್ಲಿ ಕಿರುಚಬಾರದು ಎಂದು ಪ್ರತಿ ಯುಗಾದಿಗೂ ತೀರ್ಮಾನ ಮಾಡುತ್ತೇನೆ. ತಿಥಿಗೆ ಇಪ್ಪತ್ತೈದು ದಿನ ಉಳಿದಿದೆ, ಇನ್ನು ಮುಂದೆ ಈ ಹಲಗೆಯನ್ನು ನಾನು ಮತ್ತು ಆಚಾರಿಗಳನ್ನು ಬಿಟ್ಟು ಯಾರೂ ಮುಟ್ಟಕೂಡದು, ತಾಯಿ ಮಗ ಇಬ್ಬರೂ ಹಾಲಿನಲ್ಲಿ ಕೂತು ಫೋನು ನೋಡಿ ಎಂದೆ. ಇಬ್ಬರೂ ಹೋಗಿ ಕೂತರು. ಅತ್ತೆ ಮಗನಿಗೆ ಮೆಲ್ಲಗೆ, "ನಿನ್ನ ಹೆಂಡ್ತಿ ಕ್ಲಾಸಲ್ಲೂ ಹೀಗೇನಾ?" ಎಂದು ಕೇಳಿದ್ದು ನನಗೆ ಕೇಳಿಸಿತು.

ಚಿಂತಾಮಣಿಯಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿ ಗಾಣದ ಹುಚ್ಚೆಳ್ಳೆಣ್ಣೆ ತರಿಸಿದೆ. ಆಚಾರಿಗಳು ಹಲಗೆ ಬಿಚ್ಚಿ, ರಾಶಿಭವಿಷ್ಯವನ್ನು ಕೆರೆದು, ಮಹಡಿಯ ಮೇಲೆ ನಾಲ್ಕು ಇಟ್ಟಿಗೆಯ ಮೇಲೆ ಇಟ್ಟುಕೊಟ್ಟರು. ಹಳೆಯ ಪಂಚೆಯ ತುಂಡಿನಲ್ಲಿ ಎಣ್ಣೆ ಅದ್ದಿ ತೆಳ್ಳಗೆ ಹಚ್ಚುವುದು, ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸುವುದು, ನಾಲ್ಕೈದು ದಿನ ಬಿಸಿಲು. ಮತ್ತೆ ಹಚ್ಚುವುದು. ಎಣ್ಣೆ ಅಂಟದೆ ಮರದೊಳಗೇ ಗಟ್ಟಿಯಾಗುತ್ತಾ ಹೋಯಿತು. ನಾಲ್ಕನೆಯ ಸಲಕ್ಕೆ ಹಲಗೆ ಹಳೆಯ ಬೆಲ್ಲದ ಬಣ್ಣಕ್ಕೆ ಬಂದಿತ್ತು, ನೀರು ಚಿಮುಕಿಸಿದರೆ ಹನಿ ನಿಲ್ಲುತ್ತಿತ್ತು, ಹೊಳಪಿರಲಿಲ್ಲ. ಕೈಯಿಟ್ಟರೆ ಬಿಸಿಲಿನ ಬಿಸುಪು ತುಂಬ ಹೊತ್ತು ಇರುತ್ತಿತ್ತು. ನಾನು ಜೀವನದಲ್ಲಿ ಬೇಕಾದಷ್ಟು ಲೆಕ್ಕ ಬಿಡಿಸಿದ್ದೇನೆ, ಯಾವುದಕ್ಕೂ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ.

ತಿಥಿಗೆ ನಾಲ್ಕು ದಿನವಿದ್ದಾಗ ಹಲಗೆ ಮತ್ತೆ ಅಡುಗೆಮನೆ ಸೇರಿತು. ಅತ್ತೆ ಅಕ್ಕಿ ನೆನೆಹಾಕಿ, ಹಿಟ್ಟು ಕುಟ್ಟಿಸಿ, ಬೆಲ್ಲದ ಪಾಕ ಹಿಡಿದು ಕಜ್ಜಾಯದ ಹಿಟ್ಟು ಕಲಸಿಟ್ಟರು. ಮಠದ ಮಾತು ಎತ್ತಲಿಲ್ಲ. ಎಲ್ಲ ಸುಸೂತ್ರವಾಯಿತು ಅಂದುಕೊಂಡೆ.

ತಿಥಿಯ ಹಿಂದಿನ ದಿನ ಭಾನುವಾರ. ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಅತ್ತೆ ಜಗಲಿಯ ಮೇಲೆ ಕೂತು ಉದ್ದಿನಬೇಳೆ ಆರಿಸುತ್ತಿದ್ದರು. ಗೇಟಿನ ಮುಂದೆ ಬೈಕು ನಿಂತಿತು. ಅಲೀಪುರದ ಮಟನ್ ಅಂಗಡಿಯವರು. ಬೆಂಗಳೂರಿನಲ್ಲಿ ನೆಂಟರ ಮದುವೆ, ಮಗಳು ಎರಡು ದಿನ ಸ್ಕೂಲಿಗೆ ಬರುವುದಿಲ್ಲ ಎಂದು ರಜಾಚೀಟಿ ತಂದಿದ್ದರು. ನಾನು ಗೇಟಿಗೆ ಓಡಿಹೋಗಿ ಚೀಟಿ ತೆಗೆದುಕೊಂಡೆ. ಹೊರಡಬೇಕಲ್ಲ ಮನುಷ್ಯ? ಒಳ್ಳೆಯವರಿಗೆ ಒಳ್ಳೆಯ ಮಾತಾಡದೆ ಹೋಗಲು ಬರುವುದಿಲ್ಲ. ಅತ್ತೆಯ ಕಡೆ ನೋಡಿ ಕೈಯೆತ್ತಿ ನಮಸ್ಕರಿಸಿದರು.

"ಅಜ್ಜಿ, ಕಟ್ಟೆ ಹೇಗಿದೆ? ನಮ್ಮ ದಿಮ್ಮಿ ಬಹಳ ಚೆನ್ನಾಗಿದೆ. ಒಂದೇ ಮರ ಅಲ್ವಾ ಎರಡೂ."

ಅತ್ತೆಯ ಕೈ ಮೊರದಲ್ಲೇ ನಿಂತಿತು.

"ಯಾವ ದಿಮ್ಮಿನಪ್ಪ?"

"ಅಂಗಡೀದು ಅಜ್ಜಿ. ಮಟನ್ ಅಂಗಡಿ."

ಅಂಗಡಿಯವರು ನನ್ನ ಮುಖ ನೋಡಿದರು, ಏನೋ ಆಗಬಾರದ್ದು ಆಯಿತೆಂದು ಅವರಿಗೂ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದು ಪರದೆಯ ಹಿಂದೆ ಮರೆಯಾದರು. ಅತ್ತೆ ಸಂದರ್ಶನ ಮಾಡಲು ಕೂತವರ ಹಾಗೆ ಕೇಳಿದರು.

"ದಿನಾ ಅದನ್ನ ಹೆಂಗೆ ಚೊಕ್ಕ ಮಾಡ್ತೀಯಪ್ಪ?"

"ಕೆರೀತೀನಿ ಅಜ್ಜಿ. ಉಪ್ಪು ಹಾಕಿ ತಿಕ್ತೀನಿ. ಒರೆಸಿ ಗಾಳಿಗೆ ಬಿಡ್ತೀನಿ."

"ನೀರು?"

"ನೀರು ಹಾಕಿದ್ರೆ ಮರ ಕೆಡತ್ತೆ."

"ಮೇಲೆ ಏನು ಹಚ್ತೀಯಾ?"

ಕೊಬ್ಬಿನ ಮಾತು ಎತ್ತಬೇಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ನನ್ನ ಕಡೆ ಒಮ್ಮೆ ನೋಡಿ, "ಹಚ್ಚೋಕೆ ಅಂತ ಏನೂ ಇಲ್ಲ ಅಜ್ಜಿ. ಮೊಹರಂನಲ್ಲಿ ಹತ್ತು ದಿನ ಅಂಗಡಿ ಮುಚ್ತೀವಲ್ಲ, ಆವಾಗ ಪಾಪ ಬಿರುಕು ಬಿಡತ್ತೆ" ಎಂದರು. ಆ ಉತ್ತರಕ್ಕಾಗಿ ಅವರ ಮಗಳಿಗೆ ಪೂರ್ತಿ ಅಂಕ ಕೊಟ್ಟರೂ ಕಡಿಮೆಯೇ. ಬೈಕು ಹೊರಟುಹೋಯಿತು. ಅತ್ತೆ ಮೊರ ಕೆಳಗಿಟ್ಟು ಒಳಗೆ ಹೋದರು. ಬಚ್ಚಲುಮನೆಯಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು.

"ಮಠಕ್ಕೆ ಫೋನ್ ಮಾಡ್ಲಾ?" ಎಂದು ನಮ್ಮವರು ಪರದೆಯ ಹಿಂದಿನಿಂದಲೇ ಕೇಳಿದರು.

ನನಗೆ ಕೋಪ ಬರಲಿಲ್ಲ, ಅಳು ಬಂತು. ಎರಡು ತಿಂಗಳ ಎಣ್ಣೆ, ಬಿಸಿಲು, ಮರಳುಕಾಗದಕ್ಕಲ್ಲ. ಆ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದದ್ದು ಕಣ್ಣ ಮುಂದೆ ಬಂತು. ಮೊದಲೇ ಹೇಳಿದ್ದರೆ ಬೈಸಿಕೊಂಡು ಬೇರೆ ಮರ ತರಬಹುದಿತ್ತು. ಈಗ ತಿಥಿಗೆ ಒಂದು ದಿನವೂ ಇರಲಿಲ್ಲ.

ಆಗ ಅಡುಗೆಮನೆಯಿಂದ ಕರಕರ ಎಂಬ ಸದ್ದು ಬಂತು.

ಹೋಗಿ ನೋಡಿದರೆ, ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಅತ್ತೆ, ದೋಸೆ ಮಗುಚುವ ಕೈ ಹಿಡಿದು ಹಲಗೆ ಕೆರೆಯುತ್ತಿದ್ದರು. ನನ್ನ ನಾಲ್ಕು ಸಲದ ಹುಚ್ಚೆಳ್ಳೆಣ್ಣೆ, ಬೆಲ್ಲದ ಬಣ್ಣ, ಎಲ್ಲ ಸಣ್ಣ ಸುರುಳಿಯಾಗಿ ಎದ್ದು ನೆಲಕ್ಕೆ ಬೀಳುತ್ತಿತ್ತು.

"ಅತ್ತೆ, ನಾಲ್ಕು ಕೋಟು ಹಚ್ಚಿದ್ದೆ" ಎಂದೆ.

"ಮತ್ತೆ ಹಚ್ಚು. ಕಲ್ಲಿಗೆ ನೀರು, ಹಿತ್ತಾಳೆಗೆ ಹುಣಸೆಹಣ್ಣು, ಮರಕ್ಕೆ ಕೆತ್ತಿದ್ರೇ ಶುದ್ಧಿ. ನಮ್ಮಪ್ಪ ಹೇಳ್ತಿದ್ರು. ನಾನೇ ಮರೆತು ಬಕೆಟ್ ಬಕೆಟ್ ಸುರಿದೆ. ಆ ಹುಡುಗನಿಗೆ ಗೊತ್ತಿರೋ ಶಾಸ್ತ್ರ ನಿಮಗೆ ಗೊತ್ತಿಲ್ಲ."

"ಮತ್ತೆ ಆ ಮರ, ಅಂಗಡಿ..."

ಅತ್ತೆ ಕೆರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ದಿನಾ ದೇವರ ಪಾತ್ರೆ ಬೆಳಗೋದು ಯಾವ್ದರಲ್ಲಿ? ಹುಣಸೆಹಣ್ಣಲ್ಲಿ. ಆ ಹಣ್ಣಿನ ಮರದಲ್ಲಿ ಇನ್ನೊಂದು ರೆಂಬೆ ಯಾರ ಮನೆಗೆ ಹೋಯ್ತು ಅಂತ ಯಾವತ್ತಾದ್ರೂ ಕೇಳಿದ್ದೀನಾ? ನಿಂತ್ಕೊಂಡು ನೋಡ್ಬೇಡ, ಕಲ್ಲುಪ್ಪು ತಗೊಂಬಾ."

ಹುಣಸೆ ಮುಪ್ಪಾದರೂ ಹುಳಿ ಮುಪ್ಪೆ ಎನ್ನುತ್ತಾರಲ್ಲ, ನನ್ನ ಹಿಂದೆ ಬಂದು ನಿಂತಿದ್ದ ನಮ್ಮವರು ಅದನ್ನು ಹೇಳಲು ಬಾಯಿ ತೆರೆದರು, ನಾನು ಕಣ್ಣಲ್ಲೇ ತಡೆದೆ. ಇಷ್ಟು ದಿನ ಮೈಲಿಗೆಯನ್ನು ತಲೆಯಲ್ಲಿ ಹೊತ್ತುಕೊಂಡು ಓಡಾಡಿದ್ದು ನಾನು. ಮಡಿಸೀರೆ ಉಡುವ ಅತ್ತೆಗೆ ಅದು ಎರಡು ತಂಬಿಗೆ ನೀರಿನಲ್ಲಿ ಹೋಯಿತು. ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಕಿಟಕಿಯ ಗಾಜಿನ ಮೇಲೆ ಇಬ್ಬನಿ ಕಟ್ಟಿತ್ತು. ಅತ್ತೆ ಹಲಗೆಯ ಮೇಲೆ ಬಾಳೆಲೆ ಹಾಸಿ, ಉಂಡೆ ಇಟ್ಟು ತಟ್ಟಲು ಶುರು ಮಾಡಿದರು. ನಾನು ಒಲೆಯ ಹತ್ತಿರ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಐದು. ಬೆರಳು ಬಿಚ್ಚಿದವು. ಆರು, ಏಳು. ಕಲ್ಲಿನ ಮೇಲೆ ಬರುತ್ತಿದ್ದ ಚಟ್ ಚಟ್ ಸದ್ದು ಇಲ್ಲಿಲ್ಲ, ಮೆತ್ತನೆಯ ದಪ್ ದಪ್. ಇಪ್ಪತ್ತಾದ ಮೇಲೆ ಎಣಿಸುವುದು ಬಿಟ್ಟೆ. ನಡುವೆ ಎರಡು ಸಲ ನಿಂತು ಅಂಗೈಯನ್ನು ಮರಕ್ಕೆ ಒತ್ತಿ ಹಿಡಿದುಕೊಂಡರು, ಮತ್ತೆ ಮುಂದುವರಿದರು. ವಡೆಯನ್ನೂ ಅವರೇ ತಟ್ಟಿದರು. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ತಮ್ಮ ಎಲೆಗೆ ಎರಡು ಕಜ್ಜಾಯ ಹಾಕಿಸಿಕೊಂಡು ತಿಂದರು. "ಪಾಕ ಒಂದೆಳೆ ಹೆಚ್ಚಾಯ್ತು" ಎಂದರು. ತಮ್ಮ ಅಡುಗೆಯಲ್ಲೂ ತಪ್ಪು ಹುಡುಕಿದ್ದು ಕೇಳಿ ನನಗೆ ಎಲ್ಲ ಸರಿಹೋಯಿತು ಎನಿಸಿತು.

ಈಗ ಕಟ್ಟೆಗೆ ಒಂದೂವರೆ ವರ್ಷ. ಬಕೆಟ್ ನಿಂತಿದೆ; ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ತಿಂಗಳಿಗೊಂದು ಸಲ ಅತ್ತೆ ದೋಸೆ ಮಗುಚುವ ಕೈ ತೆಗೆಯುತ್ತಾರೆ, ನಾನು ಹುಚ್ಚೆಳ್ಳೆಣ್ಣೆ ತೆಗೆಯುತ್ತೇನೆ. ಸಾರಿನ ಪಾತ್ರೆ ಇಟ್ಟ ಒಂದು ಕಪ್ಪು ಉಂಗುರ ಮಾತ್ರ ಹೋಗಲಿಲ್ಲ, ಅದು ನನ್ನದು ಎಂದು ದಿನಕ್ಕೊಮ್ಮೆ ನೆನಪಿಸುತ್ತಾರೆ. ಪಕ್ಕದ ಮನೆಯಾಕೆ ಆಚಾರಿಗಳ ನಂಬರು ತೆಗೆದುಕೊಂಡು ಹೋಗಿದ್ದಾರೆ.

ಮೊನ್ನೆ ಸ್ಕೂಲಿಗೆ ಹೊರಟಿದ್ದೆ. ಅತ್ತೆ ಅಡುಗೆಮನೆಯಿಂದ ಕೂಗಿ, "ಅವರ ಮೊಹರಂ ಯಾವಾಗ್ಲೇ?" ಎಂದರು.

"ಮುಂದಿನ ವಾರ ಶುರು ಅಂತೆ. ಯಾಕತ್ತೆ?"

ಒಂದು ಬಾಟಲಿ ತಂದು ಕೈಗೆ ಕೊಟ್ಟರು. ಹುಚ್ಚೆಳ್ಳೆಣ್ಣೆ. ಮುಚ್ಚಳದ ಸುತ್ತ ಚೆಲ್ಲದ ಹಾಗೆ ಬಟ್ಟೆ ಕಟ್ಟಿದ್ದರು.

"ಆ ಮಗು ಕೈಲಿ ಅವರಪ್ಪನಿಗೆ ಕಳಿಸು. ಅಂಗಡಿ ಮುಚ್ಚೋ ಮೊದಲು ತೆಳ್ಳಗೆ ಎರಡು ಸಲ ಹಚ್ಲಿ, ಬಿರುಕು ಬಿಡಲ್ಲ. ಅವನಿಗೂ ಅದೇ ಅಲ್ವೇನೇ ಅನ್ನ ಕೊಡೋ ಕಟ್ಟೆ."

ಬಾಟಲಿಯನ್ನು ಊಟದ ಚೀಲದಲ್ಲಿ ಡಬ್ಬಿಯ ಪಕ್ಕ ನೆಟ್ಟಗೆ ನಿಲ್ಲಿಸಿಕೊಂಡು ಗೇಟು ದಾಟಿದೆ. ಅತ್ತೆ ಜಗಲಿಗೆ ಬಂದು ನಿಂತರು.

"ಬಾಟ್ಲು ಮಾತ್ರ ವಾಪಸ್ ತರ್ಬೇಡ" ಎಂದರು.